ಆಷಾಢದ ವಾರ, ನಲಿ-ಕಲಿ ಕೋಣೆ

ಶಾಲೆ ಸುರುವಾಗಿ ತಿಂಗಳು ದಾಟುವಷ್ಟರಲ್ಲಿ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಒಂದು ದೂರು ಏಳುತ್ತದೆ: "ಪಾಟಿ ಮ್ಯಾಲೆ ಇನ್ನೂ ಒಂದ ಅಕ್ಷರ ಮೂಡಿಲ್ರಿ. ಬರೇ ಹಾಡು, ಆಟ, ಮಣ್ಣು." ದೂರು ನಿಜ. ಅದರ ಹಿಂದಿನ ಆತಂಕ ಮಾತ್ರ ಬೇಡ ಎಂದು ನಾನು ಖಾತ್ರಿಯಿಂದ ಹೇಳಬಲ್ಲೆ. ಆರು ವರ್ಷದ ಮಗುವಿನ ಕಲಿಕೆಗೆ ನೋಟ್‌ಬುಕ್ಕಿನ ಪುಟ ಅಳತೆಯಲ್ಲ. ಸೋಮವಾರದಿಂದ ಶನಿವಾರದತನಕ ಅದರ ಕೈ, ಕಿವಿ, ನಾಲಿಗೆ ಏನೇನು ಮಾಡಿದವು ಎಂದು ನೋಡಬೇಕು. ಹಾಗೆ ನೋಡಲು ನಮ್ಮ ಕಡೆ ಆಷಾಢದ ವಾರಕ್ಕಿಂತ ಒಳ್ಳೆಯ ವಾರವಿಲ್ಲ.

ಆಂಧ್ರದ ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಕಟ್ಟಿದ ಪದ್ಧತಿ ನಲಿ-ಕಲಿ; ಆ ಹಾಡು, ಆಟಗಳ ಬೇರು ಇದರಲ್ಲಿದೆ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತು ಕೂಡುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವ ಕರಿಹಲಗೆ, ತಲೆಯ ಮೇಲೆ ಚಿತ್ರ ತೂಗುವ ದಾರದ ಚಪ್ಪರ, ಪಕ್ಕದಲ್ಲಿ ಕಲಿಕೆಯ ಮೆಟ್ಟಿಲುಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿ. ನೆಲದ ಮೇಲಿನ ಗುಂಪುಗಳಿಗೆ ತಟ್ಟೆ ಎನ್ನುತ್ತಾರೆ. ಒಂದು ತಟ್ಟೆಯಲ್ಲಿ ಅಕ್ಕೋರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳತಿ ಹೇಳಿಕೊಡುತ್ತಾಳೆ, ಕೊನೆಯದರಲ್ಲಿ ಮಗು ತಾನೇ ಕಾರ್ಡು ತೆಗೆದು ಕೆಲಸ ಮಾಡುತ್ತದೆ.

ಸೋಮವಾರ ಹವಾಮಾನ ನಕ್ಷೆಯಿಂದ ಸುರು. ಹೊರಗೆ ಧಾರವಾಡದ ಜಿಟಿಜಿಟಿ. ಒಬ್ಬ ಮೋಡ ಅಂಟಿಸಬೇಕೆನ್ನುತ್ತಾನೆ, ಇನ್ನೊಬ್ಬಳು ಕೊಡೆ ಎನ್ನುತ್ತಾಳೆ. ಆ ಜಗಳವೇ ಅಂದಿನ ಭಾಷಾ ಪಾಠ. ಹುಬ್ಬಳ್ಳಿಯ ಕೆಲವು ಕೋಣೆಗಳಲ್ಲಿ ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಆಡುವ ಮಕ್ಕಳೂ ಇರುತ್ತಾರೆ. ಅವರು ಮೊದಲ ಕನ್ನಡ ವಾಕ್ಯ ಆಡುವುದು ಇಂಥ ಜಗಳದಲ್ಲಿಯೇ. ಆಗ ತಿದ್ದದೆ ಪೂರ್ತಿ ಕೇಳಿಸಿಕೊಳ್ಳುವ ಅಕ್ಕೋರು ನನ್ನ ಲೆಕ್ಕದಲ್ಲಿ ಮೊದಲ ದರ್ಜೆಯ ಶಿಕ್ಷಕಿ.

ಮಂಗಳವಾರ ಗುಳ್ಳವ್ವನ ದಿನ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಆಷಾಢದ ಮಂಗಳವಾರಗಳಲ್ಲಿ ನಮ್ಮ ಹೆಣ್ಣುಮಕ್ಕಳು ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಸಿಂಗರಿಸಿ, ಹಾಡಿ ಕಳಿಸುವುದು ತಲೆಮಾರುಗಳ ರೂಢಿ. ಜಾಣ ಶಿಕ್ಷಕಿ ಇದನ್ನು ಕೋಣೆಯೊಳಗೆ ಕರೆಯುತ್ತಾರೆ. ಕಪ್ಪು ಎರಿಮಣ್ಣು ಒಂದು ಬುಟ್ಟಿ, ಮಸಾರಿಯ ಕೆಂಪುಮಣ್ಣು ಒಂದು ಬುಟ್ಟಿ. ಪಡುವಣಕ್ಕೆ ಕೆಂಪು, ಮೂಡಣಕ್ಕೆ ಕಪ್ಪು ಇರುವ ಈ ಜಿಲ್ಲೆಯಲ್ಲಿ ಎರಡನ್ನೂ ಹುಡುಕುವುದು ಕಷ್ಟವಲ್ಲ. ಮಕ್ಕಳು ನಾದುತ್ತಾರೆ, ಉಂಡಿ ಕಟ್ಟುತ್ತಾರೆ, ಬತ್ತಿಯಂತೆ ಹೊಸೆಯುತ್ತಾರೆ. ಪೆನ್ಸಿಲ್ ಹಿಡಿಯಲು ಬೇಕಾದ ಬಲ ಬೆರಳಿಗೆ ಬರುವುದು ಇಲ್ಲಿ. ಹೊಸೆದ ಬತ್ತಿಯನ್ನು ಬಾಗಿಸಿದರೆ ಗ, ಇನ್ನಷ್ಟು ಬಾಗಿಸಿದರೆ ರ. ಕನ್ನಡದ ಅಕ್ಷರಗಳೆಲ್ಲ ಬಾಗು ಬಳುಕು. ನೇರ ಗೆರೆ ತಿದ್ದಿಸುವುದಕ್ಕಿಂತ ಮಣ್ಣು ಹೊಸೆಯುವುದೇ ಅವಕ್ಕೆ ತಕ್ಕ ತಾಲೀಮು. ಕಣ್ಣು ಮೂಗಿಗೆ ಜೋಳ, ಕುಸುಬಿ ಸಾಕು. ಮನೆಯಲ್ಲಿ ಹಚ್ಚುವ ಗುಲಗಂಜಿ ವಿಷದ ಬೀಜ, ಸಣ್ಣವರ ಕೈಗೆ ಬೇಡ.

ಗುರುವಾರದ ಹೊತ್ತಿಗೆ ಎರಿಮಣ್ಣಿನ ಗುಳ್ಳವ್ವ ಬಿರುಕು ಬಿಟ್ಟಿರುತ್ತಾಳೆ, ಕೆಂಪಿನವಳು ಹೆಚ್ಚು ಒಡೆದಿರುವುದಿಲ್ಲ. ಏಕೆ? ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಗುಣ ಎರಿಭೂಮಿಯದು. ಬೇಸಿಗೆಯಲ್ಲಿ ನವಲಗುಂದದ ಹೊಲ ಸೀಳುವುದೂ ಇದರಿಂದಲೇ. ಉತ್ತರವನ್ನು ಅವಸರದಿಂದ ಹೇಳಬಾರದು. "ನಮ್ಮಪ್ಪನ ಹೊಲಾನೂ ಹಿಂಗ ಬಿರದಿತ್ರಿ" ಎಂದು ಯಾವುದಾದರೂ ಮಗು ತಾನಾಗಿ ಹೇಳುವತನಕ ಕಾಯಬೇಕು.

ಮಣ್ಣಿನಲ್ಲಿ ಗ, ರ ಮೊದಲು ಮೂಡುವುದಕ್ಕೂ ಕಾರಣವಿದೆ: ನಲಿ-ಕಲಿಯ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲ ಗುಂಪು ರ ಗ ಸ ದ ಅ. ಕಾಗುಣಿತದ ಗೊಡವೆಯಿಲ್ಲದೆ ಇವೈದರಿಂದಲೇ ಸರ, ಅರಸ, ಗರಗಸ ಓದಬಹುದು. ಇಡೀ ವರ್ಣಮಾಲೆ ಬಾಯಿಪಾಠವಾಗಿದ್ದರೂ ಒಂದು ಶಬ್ದ ಓದಲು ಬಾರದ ಮಕ್ಕಳನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಲೆಕ್ಕಕ್ಕೆ 25 ಮನೆಗಳ ಚಕ್ಕಾ ಆಟ. ನಾಲ್ಕು ಹುಣಸೆ ಬೀಜಗಳ ಒಂದು ಮಗ್ಗಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದರೆ ದಾಳ ಸಿದ್ಧ. ಬಿಳಿ ಎಷ್ಟು ಬಿತ್ತೋ ಅಷ್ಟು ಮನೆ ನಡೆ, ನಾಲ್ಕೂ ಕಪ್ಪಾದರೆ 8. ಮೊದಮೊದಲು ಮಗು ಮನೆಗಳ ಮೇಲೆ ಬೆರಳೂರಿ ಒಂದೊಂದೇ ಎಣಿಸುತ್ತದೆ. ಆಡಿ ಆಡಿ ಪಳಗಿದ ಮೇಲೆ ಬೆರಳು ಬಿಟ್ಟು ಕಾಯಿಯನ್ನು ನೇರ ಹಾರಿಸುತ್ತದೆ. ಆ ಹಾರುವಿಕೆಯೇ ಕೂಡುವ ಲೆಕ್ಕ. ಶುಕ್ರವಾರ ಕಥೆ, ಚಿತ್ರ. ಶನಿವಾರ ಮುಂಜಾನೆ ಶಾಲೆ, ಮಾಡಿದ್ದೆಲ್ಲ ಚಪ್ಪರಕ್ಕೇರುವ ದಿನ.

ಕೊರತೆಗಳೂ ಉಂಟು. ಮೂರು ತರಗತಿಗೆ ಒಬ್ಬರೇ ಶಿಕ್ಷಕಿಯಾದರೆ ಕೊನೆಯ ತಟ್ಟೆಯ ಮಗುವಿನತ್ತ ಯಾರೂ ತಿರುಗಿ ನೋಡುವುದಿಲ್ಲ; ಸ್ವಯಂ ಕಲಿಕೆಯ ಹೆಸರಿನಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಮಕ್ಕಳ ಮುನ್ನಡೆ ದಾಖಲಿಸುವ ಪ್ರಗತಿ ನೋಟ ತುಂಬುವ ಅವಸರದಲ್ಲಿ ಮಣ್ಣಿನ ಬುಟ್ಟಿ ಮೂಲೆ ಸೇರುತ್ತದೆ. ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗು ತಿಳಿದು ಓದಬೇಕು ಎಂದು ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಕಾರ್ಯಕ್ರಮ ಗುರಿಯಿಟ್ಟಿದೆ. ಗುರಿ ಸರಿ. ಅದಕ್ಕೆ ದಾರಿ ಹೆಚ್ಚು ತಖ್ತೆಗಳಲ್ಲ, ಕೋಣೆಗೆ ಇನ್ನೊಬ್ಬ ಶಿಕ್ಷಕರು.

ಅದು ಸರ್ಕಾರದ ಕೆಲಸ. ನಮ್ಮ ಕೈಲಾದದ್ದೂ ಒಂದಿದೆ. ಹಳ್ಳಿಗೆ ಹೋಗಿ ಬರುವಾಗ ಒಂದು ಬುಟ್ಟಿ ಎರಿಮಣ್ಣು, ಒಂದು ಸೇರು ಹುಣಸೆ ಬೀಜ ತಂದು ನಿಮ್ಮ ಓಣಿಯ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಗೆ ಕೊಡಿ. ಮಗಳು ಕೆಸರುಗೈಯಲ್ಲಿ ಮನೆಗೆ ಬಂದರೆ ಬಯ್ಯಬೇಡಿ. ಇವತ್ತು ಏನು ಮಾಡಿದೆ ಎಂದು ಕೇಳಿ, ಅವಳು ಹೇಳಿ ಮುಗಿಸುವತನಕ ಕೂತು ಕೇಳಿ.