ಬಾಳೆಸಿಪ್ಪೆ ಮತ್ತು ಐದು ಹಾಳೆಯ ಹರಳು

2008ರಲ್ಲಿ ಕೇಂಬ್ರಿಜ್‌ನ ಭೌತವಿಜ್ಞಾನಿ ಜೇಮ್ಸ್ ಸ್ಕಾಟ್ ಬಾಳೆಹಣ್ಣಿನ ಸಿಪ್ಪೆಗೆ ಎರಡು ವಿದ್ಯುದ್ವಾರ ಅಂಟಿಸಿ ವೋಲ್ಟೇಜು ಏರಿಳಿಸಿದರು. ಗ್ರಾಫಿನಲ್ಲಿ ದುಂಡನೆಯ ಕುಣಿಕೆ ಮೂಡಿತು. ಅಂಥದೇ ಕುಣಿಕೆ ತೋರಿಸಿ ‘ನಮ್ಮ ವಸ್ತು ಫೆರೋಎಲೆಕ್ಟ್ರಿಕ್’ ಎಂದು ಸಾರಿದ ಪ್ರಬಂಧಗಳಿಗೆ ಅದು ಅವರ ಉತ್ತರ. ಫೆರೋಎಲೆಕ್ಟ್ರಿಕ್ ವಸ್ತುವಿನಲ್ಲಿ ವೋಲ್ಟೇಜಿನಿಂದ ತಿರುಗಿಸಬಹುದಾದ, ವೋಲ್ಟೇಜು ತೆಗೆದರೂ ಉಳಿಯುವ ವಿದ್ಯುತ್ ಧ್ರುವೀಕರಣ ಇರುತ್ತದೆ; ಸಿಪ್ಪೆಯಲ್ಲಿ ಇದ್ದದ್ದು ಬರೀ ಕರೆಂಟಿನ ಸೋರಿಕೆ.

ಆಲ್ಫಾ ಇಂಡಿಯಂ ಸೆಲೆನೈಡ್ ಎಂಬ ತೆಳುಪದರದ ಫೆರೋಎಲೆಕ್ಟ್ರಿಕ್ ಅರೆವಾಹಕದ ಬಗ್ಗೆ ಓದುವಾಗಲೆಲ್ಲ ನನಗೆ ಈ ಸಿಪ್ಪೆ ನೆನಪಾಗುತ್ತದೆ. ವಸ್ತುವಿನ ಬಗ್ಗೆ ತಕರಾರಿಲ್ಲ. ಅದು ನಿಜಕ್ಕೂ ಸೊಗಸು. ಒಂದು ಪದರವೆಂದರೆ ಪರಮಾಣುಗಳ ಐದು ಹಾಳೆ, ಸೆಲೆನಿಯಂ ಮತ್ತು ಇಂಡಿಯಂ ಒಂದರ ಮೇಲೊಂದು. ದಪ್ಪ ಸುಮಾರು 1 ನ್ಯಾನೊಮೀಟರ್. ನಡುವಿನ ಸೆಲೆನಿಯಂ ಹಾಳೆ ಸರಿಮಧ್ಯದಲ್ಲಿ ಕೂರದೆ ಮೇಲಕ್ಕೋ ಕೆಳಕ್ಕೋ ವಾಲಿರುತ್ತದೆ. ಧ್ರುವೀಕರಣ ಹುಟ್ಟುವುದು ಆ ವಾಲಿಕೆಯಿಂದ. ದಿಕ್ಕು ತಿರುಗಬೇಕಾದರೆ ನಡುಹಾಳೆ ಪಕ್ಕಕ್ಕೂ ಜಾರಬೇಕು, ಆದ್ದರಿಂದ ಸುಲಭಕ್ಕೆ ಅಳಿಸಿಹೋಗದು. 2017ರಲ್ಲಿ ಲೆಕ್ಕಾಚಾರ ಈ ಗುಣವನ್ನು ಮುನ್ನುಡಿಯಿತು. 2019ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ಇದರಿಂದಲೇ ಟ್ರಾನ್ಸಿಸ್ಟರ್ ಕಟ್ಟಿದರು: ಕರೆಂಟು ಹರಿಯುವುದೂ ನೆನಪು ಉಳಿಯುವುದೂ ಒಂದೇ ವಸ್ತುವಿನೊಳಗೆ.

ಬೆಳೆಸುವುದು ಮಾತ್ರ ಹಟಮಾರಿ ಕೆಲಸ. ಇಂಡಿಯಂ ಆಕ್ಸೈಡನ್ನೂ ಸೆಲೆನಿಯಂ ಪುಡಿಯನ್ನೂ ಕೊಳವೆ ಕುಲುಮೆಯಲ್ಲಿ ಕಾಯಿಸಿ, ಆವಿಯನ್ನು ಕಾಗೆಬಂಗಾರದ ತೆಳುಹಾಳೆಯ ಮೇಲೆ ಇಳಿಸುತ್ತಾರೆ. ಶಾಖ ಹದ ತಪ್ಪಿದರೆ ಆಲ್ಫಾ ಬದಲು ಬೀಟಾ ರೂಪ ಕೂತುಬಿಡುತ್ತದೆ. ರಾಮನ್ ರೋಹಿತದಲ್ಲಿ ಆಲ್ಫಾದ ಗೆರೆ 104 ಸೆಂ.ಮೀ⁻¹ ಹತ್ತಿರ, ಬೀಟಾದ್ದು 110ರ ಹತ್ತಿರ; ಅಂತರ ಅಷ್ಟೇ. ಹೀಗಾಗಿ ಎಷ್ಟೋ ಮಂದಿ ದೊಡ್ಡ ಹರಳಿನಿಂದ ಅಂಟುಪಟ್ಟಿಯಲ್ಲಿ ಚೂರು ಕಿತ್ತು ಕೆಲಸ ಮುಗಿಸುತ್ತಾರೆ. ಚೂರಿನಿಂದ ಪ್ರಬಂಧವಾದೀತು, ಚಿಪ್ ಆಗದು.

ನನ್ನ ನಿಜವಾದ ಜಗಳ ಅಳತೆಯ ಜೊತೆ. ಧ್ರುವೀಕರಣ ತಿರುಗುತ್ತದೆಂದು ತೋರಿಸಲು, ವೋಲ್ಟೇಜು ಕೊಟ್ಟ ಸೂಕ್ಷ್ಮ ಸೂಜಿಯಿಂದ ಪದರದ ಮೇಲೆ ಚೌಕ ಬರೆದು, ಅದರೊಳಗೆ ವಿರುದ್ಧ ವೋಲ್ಟೇಜಿನಲ್ಲಿ ಇನ್ನೊಂದು ಚೌಕ ಬರೆದರೆ ಚಿತ್ರ ಚೆಂದ ಕಾಣುತ್ತದೆ. ಆದರೆ ಸೂಜಿ ಸುರಿದ ವಿದ್ಯುದಂಶವೇ ಸೂಜಿಯನ್ನು ಎಳೆದರೂ ಅದೇ ಚಿತ್ರ ಬರುತ್ತದೆ. ಈ ವಸ್ತುವೋ ಅರೆವಾಹಕ, ಸೋರುವುದು ಇದರ ಹುಟ್ಟುಗುಣ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಡ್ಡಸೀಳು ನೋಡಿ, ನಡುಹಾಳೆ ಎತ್ತ ವಾಲಿದೆ ಎಂದು ತೋರಿಸಿದವರ ಮಾತು ತೂಕದ್ದು. ಚೌಕದ ಚಿತ್ರವೊಂದನ್ನೇ ಮುಂದಿಟ್ಟವರ ಮಾತನ್ನು ನಾನು ಅರ್ಧವಷ್ಟೇ ನಂಬುತ್ತೇನೆ.

ಮುಂದಿನ ಸಲ ಅಂಥ ಚಿತ್ರ ಕಂಡರೆ, ಅದೇ ಸೂಜಿಯಿಂದ ಬರೀ ಗಾಜಿನ ಮೇಲೂ ಬರೆದು ನೋಡಿದ್ದಾರೆಯೇ ಎಂದು ಮೊದಲು ಹುಡುಕಿ.