ಪುಲಿಗೆರೆಯ ತಿರುಳೂ ‘ಕರ್ಣಾಟಕ ಗತವೈಭವ’ವೂ

೧

ಶ್ರೀ ಆಲೂರು ವೆಂಕಟರಾಯರ ‘ಕರ್ಣಾಟಕ ಗತವೈಭವ’ವು ೧೯೧೭ರಲ್ಲಿ ಪ್ರಕಟವಾಯಿತು. ಇದಕ್ಕಿಂತ ಹೆಚ್ಚು ಶೋಧನೆಯುಳ್ಳ ಇತಿಹಾಸಗ್ರಂಥಗಳು ಕನ್ನಡದಲ್ಲಿ ಆ ಮೇಲೆ ಹುಟ್ಟಿವೆ. ಆದರೆ ಕನ್ನಡಿಗರ ಅಂತಃಕರಣವನ್ನು ಇದರಷ್ಟು ಎಚ್ಚರಿಸಿದ ಗ್ರಂಥವು ವಿರಳವೆಂದರೆ ಅತಿಶಯೋಕ್ತಿಯಾಗಲಾರದು. ಗ್ರಂಥದ ಗುಣಗಳನ್ನು ಅನೇಕರು ಹೊಗಳಿರುವರು. ಅದರ ಬುಡದಲ್ಲಿರುವ ಒಂದು ತತ್ತ್ವವನ್ನು ಮಾತ್ರ ಇಲ್ಲಿ ವಿಮರ್ಶಿಸಬೇಕೆಂದಿದ್ದೇವೆ. ಒಂದು ನಾಡು ತಾನು ನಾಡೆಂದು ಅರಿತುಕೊಳ್ಳುವುದು ತನ್ನನ್ನಾಳಿದವರ ಪ್ರತಾಪದಿಂದಲೋ, ತಾನು ಪೂಜಿಸುವ ದೈವದಿಂದಲೋ, ತಾನಾಡುವ ನುಡಿಯಿಂದಲೋ ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆಯನ್ನು ಇಡೀ ಕರ್ಣಾಟಕಕ್ಕೆ ಹಚ್ಚಿ ನೋಡಹೊರಟರೆ ಮಾತು ಸಡಿಲವಾಗುವುದು. ಆದುದರಿಂದ ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪ್ರಾಂತವನ್ನೇ ಒರೆಗಲ್ಲಾಗಿ ಇಟ್ಟುಕೊಂಡಿದ್ದೇವೆ. ಇದರ ಬಹುಭಾಗವು ಶಾಸನಗಳಲ್ಲಿ ಕಾಣುವ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರುಗಳಿಗೆ ಸೇರಿದುದು. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ.

೨

ಮೊದಲು ಗ್ರಂಥಕರ್ತರಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡ ಪ್ರಾಂತದ ಮಕ್ಕಳು ಸರಕಾರೀ ಶಾಲೆಗಳಲ್ಲಿ ಮರಾಠಿಯನ್ನು ಕಲಿಯುತ್ತಿದ್ದರು. ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹೆಣಗಬೇಕಾಯಿತು. ಮರಾಠಿ ನಾಟಕಗಳ ಭರಾಟೆಗೆ ಎದುರಾಗಿ ಶಾಂತಕವಿಗಳು ಗದಗಿನ ವೀರನಾರಾಯಣನ ಹೆಸರಿನಲ್ಲಿ ಕನ್ನಡ ನಾಟಕಮಂಡಳಿಯನ್ನು ಕಟ್ಟಿದರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ಣಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಇಂತಹ ಕಾಲದಲ್ಲಿ, ತಾನು ಯಾರೆಂಬುದನ್ನೇ ಮರೆತ ಜನಕ್ಕೆ ಪುಲಿಕೇಶಿಯನ್ನೂ ನೃಪತುಂಗನನ್ನೂ ಕೃಷ್ಣದೇವರಾಯನನ್ನೂ ತೋರಿಸಿ “ಇವರು ನಿಮ್ಮವರು” ಎಂದು ಹೇಳಿದುದು ಸಾಮಾನ್ಯ ಕಾರ್ಯವಲ್ಲ. ರೋಗವನ್ನು ನೋಡಿ ಕೊಟ್ಟ ಔಷಧವದು. ಆದರೆ ಔಷಧವು ನಿತ್ಯದ ಆಹಾರವಾಗತಕ್ಕದ್ದಲ್ಲ. ರಾಜರ ದಿಗ್ವಿಜಯವೇ ನಾಡಿನ ಹಿರಿಮೆ, ಸಾಮ್ರಾಜ್ಯದ ಪತನವೇ ನಾಡಿನ ಪತನ ಎಂಬ ಅಳತೆಗೋಲು ಒಮ್ಮೆ ಕೈಗೆ ಬಂದರೆ, ಅದರಿಂದ ಅಳೆಯಬಾರದುದನ್ನೆಲ್ಲ ಅಳೆಯುವ ಆಸೆಯಾಗುವುದು.

೩

ಪ್ರತಾಪದ ವಿಚಾರವನ್ನು ಮೊದಲು ನೋಡೋಣ. ಗದಗಿನ ತ್ರಿಕೂಟೇಶ್ವರಕ್ಕೆ ಸೇವುಣರ ಭಿಲ್ಲಮನು ೧೧೯೧ರಲ್ಲಿ ದತ್ತಿಯನ್ನು ಬಿಟ್ಟನು. ಮರುವರ್ಷ, ೧೧೯೨ರಲ್ಲಿ, ಅದೇ ಭಿಲ್ಲಮನ ಸೇನೆಯನ್ನು ಸೋಲಿಸಿದ ಹೊಯ್ಸಳ ವೀರಬಲ್ಲಾಳನು ಅದೇ ತ್ರಿಕೂಟೇಶ್ವರಕ್ಕೆ ದತ್ತಿಯನ್ನು ಬಿಟ್ಟನು. ಎರಡು ಶಾಸನಗಳೂ ಉಳಿದಿವೆ. ‘ಗತವೈಭವ’ದ ದೃಷ್ಟಿಯಿಂದ ನೋಡುವವನು ಇಲ್ಲಿ ಯಾರ ವೈಭವವನ್ನು ಕೊಂಡಾಡಬೇಕು? ಸೇವುಣರು ಕನ್ನಡಿಗರೋ ಮಹಾರಾಷ್ಟ್ರೀಯರೋ ಎಂದು ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಗದಗಿನವರಿಗೆ ಆ ವಾದದ ಅವಶ್ಯಕತೆಯೇ ಬಿದ್ದಂತೆ ತೋರುವುದಿಲ್ಲ. ಗೆದ್ದವನಾಗಲಿ ಸೋತವನಾಗಲಿ, ಈ ನೆಲವನ್ನು ತನ್ನದೆನ್ನಬೇಕಾದಾಗ ಅರಸನೇ ಈ ಊರಿನ ದೇವಾಲಯದ ಬಾಗಿಲಿಗೆ ಬರಬೇಕಾಯಿತು. ಊರು ಅರಸನಿಂದ ಬೆಳಗಿದುದು ನಿಜ. ಅರಸನು ಊರಿನಿಂದ ಮಾನ್ಯತೆಯನ್ನು ಪಡೆದುದೂ ಅಷ್ಟೇ ನಿಜ.

ಇದಕ್ಕಿಂತ ಹಿಂದಿನದೂ ಹೆಚ್ಚು ಬೆಲೆಯುಳ್ಳದೂ ಆದ ಸಾಕ್ಷ್ಯವು ಲಕ್ಷ್ಮೇಶ್ವರದ ಕಂಬದ ಶಾಸನ. ಬಾದಾಮಿಯ ಚಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು ೭೨೫ರಲ್ಲಿ ಪುಲಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯಿದು. ರಾಜಪುರುಷರು ಏನನ್ನು ಕಾಪಾಡಬೇಕು, ಮನೆಗಳು ತಮ್ಮ ತಮ್ಮ ಅಂತಸ್ತಿಗನುಸಾರವಾಗಿ ಎಷ್ಟು ತೆರಿಗೆಯನ್ನು ಕೊಡಬೇಕು, ಶ್ರೇಣಿಗೆ ಸಲ್ಲತಕ್ಕುದೇನು ಎಂಬುದನ್ನು ಇದು ನಿಯಮಿಸುತ್ತದೆ. ಯುದ್ಧದ ವರ್ಣನೆಯಿಲ್ಲದ ಈ ಶಾಸನವು ವೈಭವವನ್ನರಸುವವನಿಗೆ ನೀರಸವಾಗಿ ಕಂಡೀತು. ನಮಗಾದರೋ ಕರ್ಣಾಟಕದ ರಾಜ್ಯನೀತಿಯ ಚರಿತ್ರೆಯಲ್ಲಿ ಇದು ಒಂದು ದಿಗ್ವಿಜಯಕ್ಕಿಂತ ದೊಡ್ಡದಾಗಿ ತೋರುತ್ತದೆ. ಏಕೆಂದರೆ ಅಧಿಕಾರವು ಇಲ್ಲಿ ತನ್ನ ಮೇರೆಯನ್ನು ತಾನೇ ಕಲ್ಲಿನ ಮೇಲೆ ಬರೆಯಿಸಿದೆ.

ಆ ಮೇರೆಯನ್ನು ಮೀರಿದ ಅಧಿಕಾರದ ಕಥೆಯೂ ಇದೇ ಪ್ರಾಂತದಲ್ಲಿದೆ. ಮುಂಡರಗಿಯ ಭೀಮರಾಯನು ಮೊದಲು ಕಂಪನಿ ಸರಕಾರದ ತಹಶೀಲದಾರನಾಗಿದ್ದವನು. ೧೮೫೭ರಲ್ಲಿ ಸರಕಾರವು ಜನರ ಮನೆಗಳಿಂದ ಆಯುಧಗಳನ್ನು ಕಿತ್ತುಕೊಳ್ಳತೊಡಗಿತು. ಅದರಿಂದ ಹುಟ್ಟಿದ ಅಸಮಾಧಾನವು ಭೀಮರಾಯನನ್ನೂ ಹಮ್ಮಿಗಿಯ ಕೆಂಚನಗೌಡನನ್ನೂ ಒಂದುಗೂಡಿಸಿತು. ಡಂಬಳದ ಖಜಾನೆಯ ಮೇಲೆ ಬಿದ್ದು, ಕೊಪ್ಪಳದ ಕೋಟೆಯನ್ನು ಹೊಕ್ಕು, ಭೀಮರಾಯನು ೧೮೫೮ನೆಯ ಜೂನ್ ೧ರಂದು ಅಲ್ಲಿಯೇ ಮಡಿದನು. ಇದನ್ನು ಕೆಲವರು ಕೇವಲ ದಂಗೆಯೆಂದರು. ಕೆಲವರು ವಿಜಯನಗರದ ಕಿಚ್ಚು ಮತ್ತೆ ಉರಿದುದೆಂದು ಭಾವಿಸಿದರು. ಎರಡೂ ಅತಿಯೆಂದು ನಮ್ಮ ಅಭಿಪ್ರಾಯ. ಇಲ್ಲಿ ಕೆಲಸ ಮಾಡಿದುದು ಪೂರ್ವದ ಸಾಮ್ರಾಜ್ಯದ ನೆನಪಲ್ಲ. ತನ್ನ ಮನೆಯ ಹೊಸ್ತಿಲನ್ನು ದಾಟಿ ಬಂದ ಪ್ರಭುತ್ವವನ್ನು ಸಹಿಸಲಾರದ ಸ್ವಾಭಿಮಾನ.

೪

ಇನ್ನು ಧರ್ಮದ ಮಾತು. ವೆಂಕಟರಾಯರಿಗೆ ಕರ್ಣಾಟಕವು ಬರಿಯ ಭೂಭಾಗವಲ್ಲ, ದೇವಿ. ಕರ್ಣಾಟಕತ್ವವು ಭಾರತೀಯತ್ವಕ್ಕೆ ವಿರೋಧಿಯಲ್ಲ, ಅದರ ಅಂಗವೇ ಆಗಿದೆಯೆಂದು ಅವರು ಒತ್ತಿ ಹೇಳಿದುದು ಸರ್ವಥಾ ಮಾನ್ಯ. ದೇವಿಯ ಭಾವನೆಯೂ ಭಕ್ತನ ಹೃದಯದಲ್ಲಿ ಹುಟ್ಟಿದುದಾದ್ದರಿಂದ ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಭಕ್ತಿಯಿಂದ ಆಡಿದ ಮಾತನ್ನು ಲಕ್ಷಣವಾಕ್ಯವನ್ನಾಗಿ ಮಾಡಿದರೆ ತೊಡಕು ಬರುವುದು.

ಪುಲಿಗೆರೆಯು ಯಾವ ದೈವದ ನೆಲ? ಶಂಖಬಸದಿಯನ್ನು ನೋಡಿದರೆ ಜೈನರದು; ಸೋಮೇಶ್ವರನನ್ನು ನೋಡಿದರೆ ಶೈವರದು; ಆದಿಲಶಾಹಿ ಕಾಲದ ಮಸೀದಿಯನ್ನು ನೋಡಿದರೆ ಮುಸಲ್ಮಾನರದು. ಇವೆಲ್ಲ ಸದಾ ಸೌಹಾರ್ದದಿಂದಲೇ ಇದ್ದುವೆಂದು ಹೇಳುವುದೂ ಸತ್ಯಕ್ಕೆ ದೂರ. ಗದಗು ತಾಲೂಕಿನ ಗಾವರವಾಡದ ಶಾಸನವು (೧೦೭೧) ಚೋಳನು ಬೆಳ್ವೊಲದ ಬಸದಿಗಳನ್ನು ಸುಟ್ಟುದನ್ನೂ, ಬೆಳ್ವೊಲ ಪುಲಿಗೆರೆಗಳನ್ನಾಳುತ್ತಿದ್ದ ಲಕ್ಷ್ಮರಸನು ಜೀರ್ಣೋದ್ಧಾರ ಮಾಡಿಸಿದುದನ್ನೂ ಹೇಳುತ್ತದೆ. ರಾಘವಾಂಕನ ‘ಸೋಮನಾಥಚರಿತ್ರೆ’ಗೆ ವಸ್ತುವಾದುದು ಪುಲಿಗೆರೆಯಲ್ಲಿ ಆದಯ್ಯನಿಗೂ ಜೈನರಿಗೂ ನಡೆದ ಕಲಹ. ಶೈವಕವಿಯು ಅದನ್ನು ವಿಜಯವೆಂದು ಹಾಡಿದನು; ಬಸದಿಯಲ್ಲಿ ಕುಳಿತವನು ಹೇಗೆ ಹಾಡುತ್ತಿದ್ದನೆಂಬುದನ್ನು ಇತಿಹಾಸಕಾರನು ಮರೆಯಲಾಗದು. ಗತಕಾಲವನ್ನೆಲ್ಲ ವೈಭವವೆಂದು ಕರೆದರೆ ಇಂತಹ ಗಾಯಗಳು ಮುಚ್ಚಿಹೋಗುವುವು. ಮುಚ್ಚಿದ ಗಾಯವು ಮಾಗಿದ ಗಾಯವಲ್ಲ.

ಇದೇ ಸೀಮೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಬಿಜಾಪುರದ ಸೂಫೀ ಸಂತನ ಅನುಗ್ರಹದಿಂದ ಲಿಂಗವಂತ ದಂಪತಿಗಳಿಗೆ ಹುಟ್ಟಿದ ಮಗನೇ ಮೂಲಪುರುಷನೆಂಬುದು ಅಲ್ಲಿಯ ಐತಿಹ್ಯ. ಐತಿಹ್ಯವನ್ನು ಚರಿತ್ರೆಯೆಂದು ಹಿಡಿಯಬೇಕಾಗಿಲ್ಲ. ಫಕೀರ, ಈಶ್ವರ ಎಂಬೆರಡು ಶಬ್ದಗಳನ್ನು ಒಂದೇ ಹೆಸರಿನಲ್ಲಿ ಕೂಡಿಸಿ ಕರೆದ ಜನರ ಮನೋಧರ್ಮವಂತೂ ಚರಿತ್ರೆಯೇ ಸರಿ. ಆ ಹೆಸರನ್ನು ಯಾವ ಸಾಮ್ರಾಟನೂ ಕೊಡಲಿಲ್ಲ.

೫

ಹಾಗಾದರೆ ಉಳಿಯುವುದೇನು? ಉತ್ತರವು ‘ಗತವೈಭವ’ಕ್ಕಿಂತ ಸಾವಿರ ವರ್ಷಗಳಿಗೂ ಹಿಂದಿನದು. ಸುಮಾರು ೮೫೦ರಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಎಲ್ಲೆಯನ್ನು ಎರಡು ನದಿಗಳಿಂದ ಗುರುತಿಸಿ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳೆಂದು ಹೇಳುತ್ತದೆ. ಪಂಪನು ೯೪೧ರಲ್ಲಿ ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ರಚಿಸಿದೆನೆಂದನು.

ತಿರುಳ್ಗನ್ನಡವೂ ರಾಜಾಸ್ಥಾನದಲ್ಲಿ ಹುಟ್ಟಿದ ಕಲ್ಪನೆಯಲ್ಲವೆ ಎಂದು ಇಲ್ಲಿ ಒಂದು ಆಕ್ಷೇಪವು ಬರಬಹುದು. ಆಕ್ಷೇಪವು ಬಲವಾದುದೇ. ಆದರೆ ನೃಪತುಂಗನ ರಾಜಧಾನಿಯಾದ ಮಾನ್ಯಖೇಟವು ಆ ನಾಲ್ಕು ಊರುಗಳಲ್ಲಿ ಸೇರಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಪಂಪನ ಆಶ್ರಯದಾತನೂ ಪುಲಿಗೆರೆಯವನಲ್ಲ. ದೂರದ ವೇಮುಲವಾಡದ ಅರಿಕೇಸರಿ. ಅನ್ನವನ್ನು ಅರಸನಿಂದ ಪಡೆದ ಕವಿಯೂ ನುಡಿಯ ಪ್ರಮಾಣವನ್ನು ಅರಮನೆಯಿಂದ ಪಡೆಯಲಿಲ್ಲ. ಮೇಲಾಗಿ ‘ಮಾರ್ಗ’ಕಾರನು ಬೇರೆ ಬೇರೆ ಕಡೆಗಳ ಕನ್ನಡಗಳ ಬಾಹುಳ್ಯವನ್ನೂ ಒಪ್ಪಿಕೊಂಡಿದ್ದಾನೆ. ತಿರುಳಿದೆಯೆಂದ ಮಾತ್ರಕ್ಕೆ ಉಳಿದುದು ಸಿಪ್ಪೆಯೆಂದು ಅವನ ಅಭಿಪ್ರಾಯವಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ತಿರುಳಿನ ಗತಿಯೇನಾಗಿದ್ದಿತು? ಕಿಸುವೊಳಲೆಂಬ ಪಟ್ಟದಕಲ್ಲೂ ಒಂಕುಂದವೂ ಮುಂಬಯಿ ಇಲಾಖೆಯಲ್ಲಿ. ಕೊಪ್ಪಳವು ನಿಜಾಮನ ಸೀಮೆಯಲ್ಲಿ. ಪುಲಿಗೆರೆಯು ಮಿರಜದ ಪಟವರ್ಧನರ ಕೈಯಲ್ಲಿ. ನೆರೆಯ ಶಿರಹಟ್ಟಿಯು ಸಾಂಗಲಿಗೆ ಸೇರಿದ್ದಿತು. ನಾಲ್ಕು ಊರುಗಳಿಗೆ ಮೂರು ಪ್ರಭುತ್ವಗಳು. ಪುಲಿಗೆರೆಯನ್ನಾಳಿದವರ ಮನೆಮಾತೋ ಮರಾಠಿ. ರಾಜ್ಯಾಧಿಕಾರವೇ ನಾಡಿನ ಪ್ರಾಣವಾಗಿದ್ದರೆ ಆ ಕಾಲಕ್ಕೆ ಕನ್ನಡನಾಡೆಂಬುದು ಇರಲೇ ಇಲ್ಲವೆನ್ನಬೇಕಾಗುತ್ತಿತ್ತು. ಆದರೂ ಲಕ್ಷ್ಮೇಶ್ವರದ ಸಂತೆಯ ಮಾತು ಕನ್ನಡವಾಗಿಯೇ ಉಳಿಯಿತು. ೧೯೨೪ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ನಾಡಿನ ಉದಯವನ್ನು ಕೋರುವ ಗೀತವು ಹಾಡಲ್ಪಟ್ಟಾಗ, ಅದನ್ನು ಬರೆದವರು ಗದಗಿನ ಹುಯಿಲಗೋಳ ನಾರಾಯಣರಾಯರು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ೧೯೫೬ನೆಯ ನವೆಂಬರ್ ೧ರಂದು ನಾಲ್ಕು ಊರುಗಳೂ ಒಂದೇ ರಾಜ್ಯದಲ್ಲಿ ಕೂಡಿದುವು. ಆ ರಾಜ್ಯವನ್ನು ಕೂಡಿಸಿದ ಸೂತ್ರವು ಯಾವ ವಂಶದ ಬಿರುದೂ ಅಲ್ಲ, ಭಾಷೆ.

ಇದರಿಂದ ವೆಂಕಟರಾಯರ ಶ್ರಮವು ವ್ಯರ್ಥವೆಂದು ಯಾರೂ ತಿಳಿಯಬಾರದು. ಏಕೀಕರಣಕ್ಕೆ ಬೇಕಾದ ಛಲವನ್ನು ಜನರಲ್ಲಿ ಹುಟ್ಟಿಸಿದವರಲ್ಲಿ ಅವರೇ ಅಗ್ರಗಣ್ಯರು. ನಮ್ಮ ವಿರೋಧವಿರುವುದು ಅವರ ಗ್ರಂಥವನ್ನು ಕಾಲದೇಶಗಳಿಂದ ಬಿಡಿಸಿ, ಪ್ರಭುತ್ವದ ದರ್ಪಕ್ಕೂ ಒಂದು ಮತದ ಮೇಲ್ಮೆಗೂ ಆಧಾರವಾಗಿ ಎತ್ತಿ ಹಿಡಿಯುವ ಓದಿಗೆ. ಆ ಓದಿಗೆ ಗ್ರಂಥದ ಹೆಸರೇ ಆಸ್ಪದ ಕೊಡುತ್ತದೆ. ವೈಭವವು ಗತವಾದರೆ ಅದನ್ನು ಮರಳಿ ತರಬೇಕೆಂಬ ಹಂಬಲವು ಹುಟ್ಟುವುದು, ಅದಕ್ಕಡ್ಡವಾದವನು ಹಗೆಯಾಗಿ ಕಾಣುವನು. ಪುಲಿಗೆರೆಯ ತಿರುಳಾದರೋ ಗತವಾದುದೇ ಅಲ್ಲ. ಅದನ್ನು ಮರಳಿ ತರಬೇಕಾಗಿಯೂ ಇಲ್ಲ. ಕನ್ನಡನಾಡಿನ ಚರಿತ್ರೆಯನ್ನು ಇನ್ನು ಮುಂದೆ ಬರೆಯುವವರು ದಿಗ್ವಿಜಯದ ಪ್ರಶಸ್ತಿಗಳನ್ನು ಓದಿದಷ್ಟೇ ಶ್ರದ್ಧೆಯಿಂದ ಯುವರಾಜ ವಿಕ್ರಮಾದಿತ್ಯನ ಆ ನೀರಸವಾದ ಕಂಬವನ್ನೂ ಓದುವರೆಂದು ಆಶಿಸುತ್ತೇವೆ.