ಭಯಾನಕ ರಸವೂ ಮುಂಬಯಿಯ ‘ಶಿಕಾರಿ’ಯೂ

ಭೂತಪ್ರೇತಗಳ, ಹಾಳುಮನೆಗಳ ಕಥೆಯನ್ನೋದುವುದು ಬಿಡುವಿನ ವೇಳೆಯ ಚಪಲವೆಂದೂ, ಅದನ್ನು ವಿಮರ್ಶೆಯ ತಕ್ಕಡಿಯಲ್ಲಿ ತೂಗಬೇಕಾದುದಿಲ್ಲವೆಂದೂ ಕನ್ನಡದ ಓದುಗರಲ್ಲಿ ಒಂದು ಭಾವನೆಯುಂಟು. ಭಾರತೀಯ ಕಾವ್ಯಮೀಮಾಂಸೆ ಭಯಕ್ಕೆ ಇಂತಹ ಕೀಳು ಸ್ಥಾನವನ್ನು ಕೊಟ್ಟಿಲ್ಲ. ಭರತನು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದರ ವಿಭಾವಗಳನ್ನು ಹೇಳುವಾಗ ಅವನು ವಿಕಾರವಾದ ಕೂಗು, ಪಿಶಾಚದರ್ಶನ, ಕಾಡು, ಬರಿದಾದ ಮನೆ ಇವುಗಳೊಡನೆ ಗುರುವಿಗೂ ಅರಸನಿಗೂ ಎಸಗಿದ ಅಪರಾಧವನ್ನೂ ಸೇರಿಸಿದ್ದಾನೆ. ಈ ಕೊನೆಯ ಮಾತು ಲಕ್ಷ್ಯಕ್ಕೆ ತಕ್ಕುದು. ದೆವ್ವದ ಭಯವೂ ಒಡೆಯನ ಭಯವೂ ಒಂದೇ ರಸಕ್ಕೆ ತೆರೆಯುವ ಎರಡು ಬಾಗಿಲುಗಳು.

ಭಯ ದುಃಖಕರವಾದುದು, ಅದನ್ನು ಓದುಗನು ಬಯಸಿ ಆಸ್ವಾದಿಸುವುದೆಂತು? ಅಭಿನವಗುಪ್ತನು ಇದಕ್ಕೆ ಸಮಾಧಾನ ಹೇಳಲು ‘ಶಾಕುಂತಲ’ದ ಮೊದಲ ಅಂಕದ ಜಿಂಕೆಯನ್ನು ಉದಾಹರಿಸುತ್ತಾನೆ. ದುಷ್ಯಂತನ ರಥಕ್ಕೆ ಹೆದರಿ, ಕೊರಳು ತಿರುಗಿಸಿ ನೋಡುತ್ತ ಓಡುವ ಆ ಜಿಂಕೆಯ ಭಯ ಸಹೃದಯನಿಗೆ ತನ್ನದೂ ಅಲ್ಲ, ಪರರದೂ ಅಲ್ಲ. ದೇಶಕಾಲಗಳ ಕಟ್ಟನ್ನು ಕಳಚಿ ಭಯವೇ ಭಯವಾಗಿ ತೋರುತ್ತದೆ. ಆದುದರಿಂದ ಭಯಾನಕವನ್ನು ಅಳೆಯುವ ಕೋಲು ಓದುಗನು ಎಷ್ಟು ಬೆಚ್ಚಿದನೆಂಬುದಲ್ಲ. ಭಯದ ಸ್ವರೂಪವನ್ನು ಅವನು ಎಷ್ಟು ಕಂಡನೆಂಬುದು.

ಕನ್ನಡದಲ್ಲಿ ಇದಕ್ಕೆ ಪ್ರಾಚೀನ ನಿದರ್ಶನ ಜನ್ನನ ‘ಯಶೋಧರಚರಿತೆ’ (1209). ಚಂಡಮಾರಿಯ ಗುಡಿಯ ವರ್ಣನೆಯಲ್ಲಿ ಭೀಭತ್ಸದ ಸಾಮಗ್ರಿ ಹೇರಳವಾಗಿದೆ. ಆದರೆ ಓದುಗನನ್ನು ನಡುಗಿಸುವುದು ಆ ವರ್ಣನೆಗಿಂತ ಹೆಚ್ಚಾಗಿ ಹಿಟ್ಟಿನ ಕೋಳಿಯ ಪ್ರಸಂಗ. ಜೀವಹಿಂಸೆಗೆ ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ, ಅದು ಕೂಗುತ್ತದೆ! ಅಲ್ಲಿ ಭಯ ಹೊರಗಿನಿಂದ ಬಂದುದಲ್ಲ, ಕಡಿದವನ ಸಂಕಲ್ಪಕ್ಕೇ ದನಿ ಬಂದಿದೆ. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಈ ವಸ್ತುವನ್ನೇ ಮತ್ತೆ ಕೈಗೆತ್ತಿಕೊಂಡುದು ಅದರ ಜೀವಂತಿಕೆಗೆ ಸಾಕ್ಷಿ.

ಪಶ್ಚಿಮದಲ್ಲಿಯೂ ಈ ಪ್ರಕಾರ ಹೊರಗಿನಿಂದ ಒಳಗೆ ಸಾಗಿ ಬಂದಿದೆ. ವಾಲ್ಪೋಲನ ‘ಒಟ್ರಾಂಟೋದ ಕೋಟೆ’ಯಲ್ಲಿ (1764) ಆಕಾಶದಿಂದ ಬಿದ್ದಂತಹ ದೈತ್ಯ ಶಿರಸ್ತ್ರಾಣ ಹೆದರಿಸುತ್ತದೆ, ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ನಲ್ಲಿ (1818) ಮನುಷ್ಯನ ಸ್ವಂತ ಸೃಷ್ಟಿಯೇ ಅವನನ್ನು ಬೆನ್ನಟ್ಟುತ್ತದೆ, ಕಾಫ್ಕಾನ ‘ವಿಚಾರಣೆ’ಯಲ್ಲಿ (1925) ಆರೋಪವೇನೆಂದು ತಿಳಿಯದೆಯೇ ಒಬ್ಬನು ಬಂಧಿತನಾಗುತ್ತಾನೆ. ಮುಂಬಯಿಯ ಮರಾಠಿ ಲೇಖಕ ರತ್ನಾಕರ ಮತಕರಿಯವರು (1938–2020) ‘ಗೂಢಕಥೆ’ಗಳ ಮೂಲಕ ಈ ಪ್ರಕಾರಕ್ಕೆ ದೊಡ್ಡ ಓದುಗವೃಂದವನ್ನೂ ಗೌರವವನ್ನೂ ಗಳಿಸಿಕೊಟ್ಟರು.

ಅದೇ ನಗರದ ಕನ್ನಡಿಗರು ಭಯಾನಕಕ್ಕೆ ಕೊಟ್ಟ ಕಾಣಿಕೆ ಯಾವುದೆಂದು ಕೇಳಿದರೆ, ಯಶವಂತ ಚಿತ್ತಾಲರ (1928–2014) ‘ಶಿಕಾರಿ’ಯನ್ನು (1979) ಹೆಸರಿಸಬೇಕು. ಇದರಲ್ಲಿ ದೆವ್ವವಿಲ್ಲ, ರಕ್ತಪಾತದ ಚಮತ್ಕಾರವಿಲ್ಲ. ರಾಸಾಯನಿಕ ಉದ್ಯಮವೊಂದರಲ್ಲಿ ಮೇಲಿನ ಹುದ್ದೆಗೇರಿದ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತಿನಲ್ಲಿಡುತ್ತಾರೆ. ಕಾರಣ ಅವನಿಗೆ ತಿಳಿಯದು. ಅಂದಿನಿಂದ ಪ್ರತಿಯೊಂದು ನಗೆ, ಪ್ರತಿಯೊಂದು ಮೌನ, ಪ್ರತಿಯೊಂದು ಸಹಾನುಭೂತಿಯ ಮಾತು ಅವನಿಗೆ ಪೊದೆಯ ಮರೆಯ ಸಪ್ಪಳವಾಗುತ್ತದೆ. ಭರತನು ಹೇಳಿದ ‘ಅರಸನಿಗೆ ಎಸಗಿದ ಅಪರಾಧ’ ಇಲ್ಲಿ ಕಂಪನಿಯ ಆಡಳಿತಕ್ಕೆ ಎಸಗಿದ ಅಪರಾಧವಾಗಿದೆ. ಅಪರಾಧವೇನೆಂಬುದು ಮಾತ್ರ ಅಪರಾಧಿಗೇ ಗೊತ್ತಿಲ್ಲ.

ಕಾಫ್ಕಾನೊಡನೆ ಈ ಕೃತಿಯನ್ನು ಹೋಲಿಸುವುದು ಸಹಜವಾದರೂ ಭೇದವನ್ನು ಮರೆಯಬಾರದು. ಕಾಫ್ಕಾನ ನ್ಯಾಯಾಲಯಕ್ಕೆ ಮುಖವಿಲ್ಲ. ಚಿತ್ತಾಲರ ಬೇಟೆಗಾರರಿಗೆ ಮುಖವುಂಟು, ಹೆಸರುಂಟು. ಒಬ್ಬನ ಅಡ್ಡಹೆಸರಂತೂ ಬಂದೂಕವಾಲಾ! ಇನ್ನೊಬ್ಬನು, ಶ್ರೀನಿವಾಸ, ಊರ ಕಡೆಯ ಹಳೆಯ ಪರಿಚಿತ. ಪರಸ್ಥಳದಲ್ಲಿ ನೆಲೆಸಿದವನಿಗೆ ಆಸರೆಯಾಗಬೇಕಾದ ಊರಿನ ಸಂಬಂಧವೇ ಅವನ ಹಳೆಯ ಬದುಕನ್ನು ಬಲ್ಲ ಆಯುಧವಾಗಿ ಮಾರ್ಪಡುತ್ತದೆ. ಮುಂಬಯಿ ಕನ್ನಡಿಗನ ಅನುಭವದಿಂದಲೇ ಹುಟ್ಟಬಹುದಾಗಿದ್ದ ಭಯವಿದು. ಹಳೆಯ ಕಥೆಗಳ ‘ಬರಿದಾದ ಮನೆ’ಗೆ ಬದಲಾಗಿ ಇಲ್ಲಿ ಜನದಟ್ಟಣೆಯ ನಗರವಿದೆ, ಆ ಸಂದಣಿಯಲ್ಲಿಯೇ ನಾಗಪ್ಪನು ಒಂಟಿ.

ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ನಾಯಕನ ಆತ್ಮವಿಶ್ಲೇಷಣೆ ಕೆಲವೆಡೆ ಅತಿಯಾಗಿ ಬೆಳೆದು, ಸೂಚನೆಯಿಂದ ಮೂಡಬೇಕಾದ ಭಯ ವಿವರಣೆಯಲ್ಲಿ ಕರಗುತ್ತದೆ. ಹೆಸರಿಟ್ಟೊಡನೆ ಭಯದ ಅರ್ಧ ಬಲ ಉಡುಗುವುದೆಂಬುದನ್ನು ಜನ್ನನು ಬಲ್ಲ. ಅವನ ಕೋಳಿ ಒಮ್ಮೆ ಕೂಗುತ್ತದೆ, ಅಷ್ಟೆ. ಆದರೂ ನಾಗಪ್ಪನ ಸಂಶಯಗಳಲ್ಲಿ ದಿಟವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಓದುಗನೇ ತೂಗುವಂತೆ ಮಾಡಿರುವುದು ಕಾದಂಬರಿಯ ದೊಡ್ಡ ಗೆಲುವು. ಬೇಟೆಗೆ ಗುರಿಯಾದವನು ಕ್ರಮೇಣ ಬೇಟೆಗಾರನ ಕಣ್ಣಿನಿಂದಲೇ ಲೋಕವನ್ನು ನೋಡತೊಡಗುವುದಕ್ಕಿಂತ ಭಯಾನಕವಾದುದು ಯಾವುದು?

ಭಯದ ಕಥೆಯನ್ನು ಓದುವವರು ಮೈನವಿರೇಳುವ ಕ್ಷಣದಲ್ಲಿಯೇ ನಿಲ್ಲಬಾರದು; ವಿಮರ್ಶಕರು ಆ ಕ್ಷಣವನ್ನು ಹೀಗಳೆಯಲೂಬಾರದು. ಅಭಿನವಗುಪ್ತನ ಜಿಂಕೆ ಓಡುತ್ತಲೇ ಹಿಂದಿರುಗಿ ನೋಡುತ್ತದೆ. ಓಡುವಾಗಲೂ ಹಿಂದಿರುಗಿ ನೋಡಬಲ್ಲ ಓದುಗನೇ ಭಯಾನಕ ರಸಕ್ಕೆ ಅಧಿಕಾರಿ.